ಬಿಳಿ ಒಂದು, ಕಪ್ಪು ಒಂದು

ದಾವಣಗೆರೆ

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನೇ ಬರೆದು, ಪಿಯಾನೋ ನುಡಿಸಿಕೊಂಡು ಹಾಡಿದ ಮೊದಲ ಆಲ್ಬಮ್ ಮುಂದಿನ ತಿಂಗಳು ಬಿಡುಗಡೆಯಾಗುತ್ತದೆಂದು ನಿಮ್ಮವ್ವ ಹೇಳಿದಳು. ನೀನು ಕಳಿಸಿದ ಎರಡು ಹಾಡುಗಳಲ್ಲಿ ಎರಡನೆಯದರ ಪಲ್ಲವಿ ಮುಗಿದ ಮೇಲೆ, ಎಡಗೈ ಒಂದೇ ಸ್ವರ ಹಿಡಿದು ನಿಂತಿರುವಾಗ ನಿನ್ನ ದನಿ ಮೆಲ್ಲಗೆ ಮಂದ್ರಕ್ಕೆ ಇಳಿಯುವ ಜಾಗವನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಆ ದನಿ ಹಾಗೆಯೇ ಕೇಳುಗರನ್ನು ಮುಟ್ಟಬೇಕೆಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ಬಿಲ್ಲಿ ಜೋಯೆಲ್ ನಿನ್ನಂತೆಯೇ ಪಿಯಾನೋ ಮುಂದೆ ಕೂತು ಸ್ವಂತ ಹಾಡು ಕಟ್ಟಿದವರು. 1971ರಲ್ಲಿ, 22ನೆಯ ವಯಸ್ಸಿನಲ್ಲಿ ಅವರ ಮೊದಲ ಆಲ್ಬಮ್ 'ಕೋಲ್ಡ್ ಸ್ಪ್ರಿಂಗ್ ಹಾರ್ಬರ್' ಹೊರಬಂದಾಗ, ಮಾಸ್ಟರಿಂಗ್‌ನಲ್ಲಿ (ಪ್ರತಿ ತೆಗೆಯುವ ಮೊದಲಿನ ಅಂತಿಮ ಮುದ್ರಿಕೆಯ ತಯಾರಿಯಲ್ಲಿ) ವೇಗ ತಪ್ಪಿ ಅವರ ದನಿ ಇದ್ದುದಕ್ಕಿಂತ ಎತ್ತರಕ್ಕೆ ಏರಿಬಿಟ್ಟಿತ್ತು. ವೇಗ ಸರಿಪಡಿಸಿದ ಪ್ರತಿ ಬಂದದ್ದು 1983ರಲ್ಲಿ. ಅಷ್ಟು ಹೊತ್ತಿಗೆ ಅವರು ಬಾರೊಂದರಲ್ಲಿ ಬೇರೆ ಹೆಸರಿನಿಂದ ಪಿಯಾನೋ ನುಡಿಸಿ ದಿನ ಕಳೆದು, 1973ರ 'ಪಿಯಾನೋ ಮ್ಯಾನ್' ಆಲ್ಬಮ್‌ನಿಂದ ಮೇಲೆದ್ದು, ಜಗತ್ತಿಗೇ ಪರಿಚಿತರಾಗಿದ್ದರು.

ಈ ಸಂಕಟ ನನಗೆ ಗೊತ್ತು. ಕ್ಯಾಸೆಟ್ಟಿನ ಕಾಲದಲ್ಲಿ ನಾನು ವಚನಗಳನ್ನು ಬಿಳಿ ಒಂದರ, ಅಂದರೆ ಹಾರ್ಮೋನಿಯಂನ ಮೊದಲ ಬಿಳಿ ಮನೆಯ (ಕೀಲಿಯ) ಶ್ರುತಿಯಲ್ಲಿ ಹಾಡಿ ಮುದ್ರಿಸಿದ್ದೆ. ಪ್ರತಿಗಳು ಅಂಗಡಿಗೆ ಬಂದ ಮೇಲೆ ಹಾರ್ಮೋನಿಯಂ ಮುಂದಿಟ್ಟುಕೊಂಡು ಕೇಳಿದರೆ ನನ್ನ ಷಡ್ಜ, ಅಂದರೆ ಆಧಾರದ 'ಸ', ಪಕ್ಕದ ಕಪ್ಪು ಒಂದಕ್ಕೆ ಹೋಗಿ ಕೂತಿತ್ತು. ವೇಗ ನೂರಕ್ಕೆ ಆರರಷ್ಟು ಹೆಚ್ಚಿದರೆ ಸಾಕು, ಶ್ರುತಿ ಒಂದು ಮನೆ ಏರುತ್ತದೆ. ಶರಣರ ಮಾತನ್ನು ಯಾರೋ ಅವಸರದ ಹುಡುಗ ಒದರಿದಂತೆ ಕೇಳುತ್ತಿತ್ತು; ಆ ಕ್ಯಾಸೆಟ್ಟನ್ನು ನಾನು ಯಾರಿಗೂ ಕೊಡಲಿಲ್ಲ. ಕಂಪ್ಯೂಟರಿನಲ್ಲಿ ಹೀಗಾಗದೆಂದು ತಿಳಿಯಬೇಡ. ಅದು ದನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಬರೆದಿಡುತ್ತದೆ; ಆ ಎಣಿಕೆಯನ್ನು ಕಿಲೋಹರ್ಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. 44.1 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ ಫೈಲನ್ನು 48 ಎಂದು ತಪ್ಪಾಗಿ ನುಡಿಸಿದರೆ ಒಂದೂವರೆ ಮನೆಯಷ್ಟು ಏರುತ್ತದೆ. ಆದ್ದರಿಂದ ಕೊನೆಯ ಮಾಸ್ಟರ್ ಫೈಲನ್ನು ಮೊದಲಿನಿಂದ ಕಡೆಯವರೆಗೆ, ಪಿಯಾನೋ ಮೇಲೆ ಬೆರಳಿಟ್ಟು, ಒಂದೊಂದು ಹಾಡಿನ ಶ್ರುತಿ ಹಿಡಿದು ನೋಡದೆ ಒಪ್ಪಿಗೆ ಕೊಡಬೇಡ. ಸ್ಟುಡಿಯೋದವರು ಬೇಸರಪಟ್ಟರೂ ಚಿಂತೆಯಿಲ್ಲ.

ಕರಾರಿನ ವಿಷಯವೂ ಇದೆ. ಜೋಯೆಲ್ ಅವರು ಎಳೆವಯಸ್ಸಿನಲ್ಲಿ ಹಾಕಿದ ಸಹಿಯಿಂದಾಗಿ, ಬೇರೆ ಕಂಪನಿಗೆ ಹೋದ ಮೇಲೂ ಅವರ ಗಳಿಕೆಯಲ್ಲಿ ಹಳೆಯ ಕಂಪನಿಯವರಿಗೆ ವರ್ಷಗಟ್ಟಲೆ ಪಾಲು ಸಲ್ಲುತ್ತಿತ್ತು. ನಮ್ಮಲ್ಲಿ 2012ರ ತಿದ್ದುಪಡಿಯ ನಂತರ, ಸಾಹಿತ್ಯ ಮತ್ತು ಸಂಗೀತ ರಚಿಸಿದವರ ಸಮಪಾಲಿನ ರಾಯಧನದ ಹಕ್ಕನ್ನು ಕಂಪನಿಗೆ ಬಿಟ್ಟುಕೊಡಲು ಕೃತಿಸ್ವಾಮ್ಯ ಕಾಯ್ದೆಯೇ ಅವಕಾಶ ಕೊಡುವುದಿಲ್ಲ. ಕಂಪನಿಗೆ ಕೊಟ್ಟ ಹಕ್ಕಿನ ಅವಧಿಯನ್ನು ಕರಾರಿನಲ್ಲಿ ಬರೆಯದೆ ಬಿಟ್ಟಿದ್ದರೆ ಅದು ಐದು ವರ್ಷವೆಂದೇ ಲೆಕ್ಕ. ಕರಾರಿನಲ್ಲಿ 'ಶಾಶ್ವತವಾಗಿ' ಎಂಬ ಪದ ಕಂಡರೆ ಅಲ್ಲಿಗೇ ನಿಲ್ಲಿಸಿ, ವಕೀಲರಿಗೆ ತೋರಿಸು.

ಮಾಸ್ಟರ್ ಕೈಗೆ ಬಂದ ದಿನ ಫೋನು ಮಾಡಿ ಹೊರಟು ಬಾ. ಹಾರ್ಮೋನಿಯಂ ಹೊರಗೆ ತೆಗೆದಿಟ್ಟಿರುತ್ತೇನೆ.

ಇಂತಿ,
ನಿನ್ನ ಮಾವ