ಸಂಕ ದಾಟಿ ಬರುತ್ತಿದ್ದ ಫಾದರ್

ಪ್ರೀತಿಯ ತಂಗಿಗೆ,

ನಿನ್ನ ಬರಹ ತಲುಪಿತು. ನಿಮ್ಮ ಊರಿನ ಹಳೆಯ ಫಾದರ್ ತೀರಿಕೊಂಡ ಮೇಲೆ ಅವರ ಬಗ್ಗೆ ಬರೆಯಲೇಬೇಕು ಅಂತ ನಿನಗೆ ಅನಿಸಿದ್ದೇ ನನಗೆ ಸಂತೋಷ. ಎರಡು ಸಲ ಓದಿದೆ. ನಾಲ್ಕು ಪುಟದಲ್ಲಿ 'ವಿನಯ' ಎಂಬ ಪದ ಒಂಬತ್ತು ಸಲ ಬಂದಿದೆ. ಅವರು ಯಾರ ಮನೆ ಜಗಲಿಯಲ್ಲಿ ಕೂರುತ್ತಿದ್ದರು, ಕೂತು ಏನು ಕೇಳುತ್ತಿದ್ದರು, ಅದು ಎಲ್ಲೂ ಇಲ್ಲ. ಅವರ ಹೆಸರು ತೆಗೆದು ಇನ್ನೊಬ್ಬ ಗುರುಗಳ ಹೆಸರು ಹಾಕಿದರೂ ಬರಹ ಹಾಗೇ ನಿಲ್ಲುತ್ತದೆ. ನನಗೆ ಬೇಸರವಾದದ್ದು ಅಲ್ಲಿ.

ನಮ್ಮ ಊರಿನ ಫಾದರ್ ಒಬ್ಬರ ವಿಷಯ ಹೇಳುತ್ತೇನೆ. ಬೆಳ್ತಂಗಡಿ ಕಡೆಯ ಊರು. ಇಗರ್ಜಿಗೂ, ಅಂದರೆ ಚರ್ಚಿಗೂ, ನಮ್ಮ ಮನೆಗೂ ನಡುವೆ ಒಂದು ತೋಡು, ಸಣ್ಣ ಹಳ್ಳ. ದಾಟಲು ಅಡಿಕೆ ಮರದ ಸಂಕ, ಒಂದು ಕಿರುಸೇತುವೆ. ಅಜ್ಜಿ ಹಾಸಿಗೆ ಹಿಡಿದ ಮೇಲೆ ಪ್ರತಿ ತಿಂಗಳ ಮೊದಲ ಶುಕ್ರವಾರ ಫಾದರ್ ಪರಮಪ್ರಸಾದ, ಅಂದರೆ ಪೂಜೆಯ ಪವಿತ್ರ ರೊಟ್ಟಿ, ತರುತ್ತಿದ್ದರು. ಆಟಿ ತಿಂಗಳ ಮಳೆಯಲ್ಲಿ ತೋಡು ತುಂಬಿ ಹರಿಯುತ್ತಿದ್ದರೂ ಬರುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಎದೆಯ ಮೇಲೆ, ಪುಟ್ಟ ಡಬ್ಬಿ ಇದ್ದ ಕಡೆ. ಬರುವಾಗ ದಾರಿಯಲ್ಲಿ ಯಾರೊಡನೆಯೂ ಮಾತಿಲ್ಲ, ಪರಮಪ್ರಸಾದ ಕೈಯಲ್ಲಿದೆಯಲ್ಲ. ಹಿಂತಿರುಗುವಾಗ ಮಾತ್ರ ಪ್ರತಿ ಅಂಗಳದಲ್ಲೂ ನಿಲ್ಲುತ್ತಿದ್ದರು. ದನ ಕರು ಹಾಕಿತಾ, ಮಗನ ಕಾಗದ ಬಂತಾ, ಮಾಡು ಸೋರುವುದು ನಿಂತಿತಾ. ಇಗರ್ಜಿಗೆ ಬಾರದ ಮನೆಗಳಲ್ಲೂ ಇದೇ ವಿಚಾರಣೆ. ಬರುವಾಗಿನ ಮೌನ, ಹಿಂತಿರುಗುವಾಗಿನ ಮಾತು, ಇವೆರಡನ್ನೂ ಒಟ್ಟಿಗೆ ಇಟ್ಟರೆ ಆ ಮನುಷ್ಯ ನನಗೆ ಕಾಣುತ್ತಾರೆ.

ಅವರು ಲ್ಯಾಟಿನ್‌ನಲ್ಲಿ ಬಲಿಪೂಜೆ ಕಲಿತವರು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಜನರ ಭಾಷೆಯಲ್ಲಿ, ಜನರಿಗೆ ಮುಖ ಮಾಡಿ ಪೂಜೆ ಮಾಡುವುದು ಬಂತು. ಐವತ್ತರ ಆಸುಪಾಸಿನಲ್ಲಿ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಮನೆಮಾತು ಕೊಂಕಣಿ, ಪೂಜೆಯ ನಡುವಿನ ಪ್ರಸಂಗ, ಅಂದರೆ ಉಪದೇಶ, ಕನ್ನಡದಲ್ಲಿ ಮಾಡಬೇಕಾದಾಗ ಶನಿವಾರ ಸಂಜೆ ನನ್ನನ್ನು ಕರೆಸುತ್ತಿದ್ದರು. ನಾನಾಗ ಕಾಲೇಜು ಹುಡುಗ, ದೊಡ್ಡ ದೊಡ್ಡ ಸಂಸ್ಕೃತ ಪದ ಸೇರಿಸುವ ಹುಚ್ಚು. "ಪುತಾ, ಹಿಂದಿನ ಬೆಂಚಿನವರಿಗೆ ಇದು ಗೊತ್ತಾಗ್ತದಾ?" ಅಂತ ಕೇಳಿ, ನಾನು ತಲೆಯಾಡಿಸುವ ತನಕ ಪೆನ್ಸಿಲು ಹಿಡಿದು ಕಾಯುತ್ತಿದ್ದರು. ನನ್ನ ಬರವಣಿಗೆಗೆ ಮೊದಲ ಸಂಪಾದಕರು ಅವರೇ.

ಕೋಪವೂ ಇತ್ತು. ಒಂದು ಭಾನುವಾರ ತಡವಾಗಿ ಬಂದ ಕೂಲಿಯವರೊಬ್ಬರನ್ನು ಎಲ್ಲರ ಎದುರು ಗದರಿಸಿಬಿಟ್ಟರು. ಆ ಮನೆಯಲ್ಲಿ ರಾತ್ರಿಯಿಡೀ ಮಗುವಿಗೆ ಜ್ವರ ಇತ್ತೆಂದು ಆಮೇಲೆ ತಿಳಿಯಿತು. ಮಧ್ಯಾಹ್ನದ ಬಿಸಿಲಲ್ಲಿ ಅವರ ಮನೆಗೆ ಹೋಗಿ ಕ್ಷಮೆ ಕೇಳಿದರು. ಮುಂದಿನ ಭಾನುವಾರ ಅದೇ ಪೀಠದಿಂದ, ಗದರಿಸಿದಷ್ಟೇ ಗಟ್ಟಿ ದನಿಯಲ್ಲಿ, ಇನ್ನೊಮ್ಮೆ. ನಿನ್ನ ಫಾದರ್‌ಗೆ ಒಂದು ತಪ್ಪೂ ಇಲ್ಲ. ಊರಲ್ಲಿ ವಿಚಾರಿಸು. ಅವರನ್ನು ಪ್ರೀತಿಸಿದವರೇ ಹೇಳುತ್ತಾರೆ.

ಇನ್ನು ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಪಾಪನಿವೇದನೆಯ ಗೂಡಿನಲ್ಲಿ ಅವರು ಒಬ್ಬ ಕುಡುಕನಿಗೆ ಏನು ಹೇಳಿದರೆಂದು ಅರ್ಧ ಪುಟ ಬರೆದಿದ್ದೀಯ. ನಿನಗೆ ಹೇಗೆ ಗೊತ್ತು? ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ 983ನೇ ವಿಧಿಯ ಪ್ರಕಾರ ಆ ಗೂಡಿನಲ್ಲಿ ಕೇಳಿದ ಗುಟ್ಟನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ನೇರವಾಗಿ ಮುರಿದರೆ ಬಹಿಷ್ಕಾರ. ಆ ಮನುಷ್ಯ ತಾನಾಗಿ ನಿನಗೆ ಹೇಳಿದ್ದರೆ, ಬರೆಯಲು ಒಪ್ಪಿದ್ದರೆ, ಉಳಿಸಿಕೋ. ಊಹೆಯಾದರೆ ದಯವಿಟ್ಟು ತೆಗೆ. ಒಬ್ಬ ಗುರುವಿನ ಕೆಲಸದ ದೊಡ್ಡ ಪಾಲು ಹೀಗೆ ಯಾರಿಗೂ ಕಾಣದೆ ಅವರ ಜೊತೆಗೇ ಮಣ್ಣಿಗೆ ಹೋಗುತ್ತದೆ. ಅವರು ಜೀವನಪೂರ್ತಿ ಕಾಯ್ದದ್ದನ್ನು ನಾವು ಬಣ್ಣ ಕಟ್ಟಿ ತುಂಬಬಾರದು. ಗೂಡಿನ ಹೊರಗೆ ಎಷ್ಟು ಹೊತ್ತು ಸಾಲು ಇರುತ್ತಿತ್ತು, ಕೊನೆಯವರು ಹೋದ ಮೇಲೆ ಅವರು ಹೇಗೆ ಎದ್ದು ಬರುತ್ತಿದ್ದರು, ಅದನ್ನು ನೋಡಿದವರಿದ್ದಾರೆ. ಅಷ್ಟು ಬರೆ.

ಎರಡನೆಯದು, 1998ರ ಪವಿತ್ರ ಗುರುವಾರ ಅವರು ಹೆಂಗಸರ ಕಾಲು ತೊಳೆದರು ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀಯ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಆ ದಿನ ನಡೆಯುವ ಈ ವಿಧಿಯಲ್ಲಿ, 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಬದಲಾಯಿಸುವ ತನಕ, ಗಂಡಸರು ಎಂದೇ ಇತ್ತು. ನಿನ್ನ ಫಾದರ್ ನಿಜಕ್ಕೂ ಅಷ್ಟು ಮೊದಲೇ ಹಾಗೆ ಮಾಡಿದ್ದರೆ, ಇಡೀ ಬರಹದ ಹೃದಯ ಅಲ್ಲಿದೆ. ಯಾರ ಕಾಲು, ಯಾರು ಒಪ್ಪಿದರು, ಯಾರು ಮುನಿಸಿಕೊಂಡರು? ವರ್ಷ ತಪ್ಪಾಗಿದ್ದರೆ ತಿದ್ದು. ಈಗಿನ ವಿಗಾರರ, ಅಂದರೆ ಇಗರ್ಜಿಯ ಮುಖ್ಯ ಗುರುಗಳ, ಅನುಮತಿ ಕೇಳಿ ಅಲ್ಲಿಯ ಮರಣದ ದಫ್ತರವನ್ನೂ ನೋಡು. ಅವರ ಕೈಬರಹದಲ್ಲಿ ಸಾಲು ಸಾಲಾಗಿ ಹೆಸರುಗಳಿರುತ್ತವೆ. ಆ ಮನೆಗಳಿಗೆ ನಡೆದು ಹೋಗಿ ಕೂತು ಕೇಳು.

ನಮ್ಮ ಫಾದರ್ ಎಪ್ಪತ್ತೈದಾದ ಮೇಲೆ ಮಂಗಳೂರಿನಲ್ಲಿ ನಿವೃತ್ತ ಗುರುಗಳಿರುವ ಮನೆ ಸೇರಿದರು. ಕೊನೆಯ ಸಲ ನೋಡಲು ಹೋದಾಗ ನೆನಪು ಮಾಸಿತ್ತು, ನನ್ನ ಹೆಸರು ಬರಲಿಲ್ಲ. ಊರಿನ ಹೆಸರು ಹೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಸಂಕ ಸರಿ ಮಾಡಿದ್ರಾ?" ಅಂತ ಕೇಳಿದರು.

"ಹೌದು ಫಾದರ್, ಈಗ ಸಿಮೆಂಟಿನದ್ದು."

"ಒಳ್ಳೇದಾಯ್ತು. ಅಜ್ಜಿಗೆ ಹೇಳು, ಶುಕ್ರವಾರ ಬರ್ತೇನೆ."

ಅಜ್ಜಿ ಹೋಗಿ ಹನ್ನೆರಡು ವರ್ಷವಾಗಿತ್ತು. ಆಯ್ತು ಫಾದರ್, ಹೇಳ್ತೇನೆ ಅಂದೆ.

ನಿನ್ನ ಅಣ್ಣ