ಜನ ಬರೋದೇ ನಿಂತರೆ ಅಂತ ಕೇಳಿದ್ದೆಯಲ್ಲ

ಕೂಸೇ,

ನಿನ್ನ ಮೇಲ್ ಬಂದು ಒಂಬತ್ತು ದಿನ ಆಯಿತು. ಅವತ್ತೇ ಉತ್ತರ ಬರೆಯಲು ಕೂತೆ, ಎರಡು ಸಲ ಬರೆದು ಅಳಿಸಿದೆ. ನಿನ್ನ ಅಪ್ಪನ ಮಂಡಿ, ಬೇಲಿ ಜಗಳ, ತೋಟದ ಪಾಲು, ಅದೆಲ್ಲ ಇಬ್ಬರಿಗೂ ಗೊತ್ತಿರುವುದೇ, ಇಲ್ಲಿ ಮತ್ತೆ ಎತ್ತುವುದಿಲ್ಲ. ಅತಿಥಿಗಳಿಗೆ ಅಂತ ನೀನು ಕಟ್ಟಬೇಕೆಂದಿರುವ ಆರು ಹೊಸ ರೂಮು, ಬ್ಯಾಂಕ್ ಸಾಲ, ಗುಡ್ಡದ ಮೇಲೆ ಏಳುತ್ತಿರುವ ರಿಸಾರ್ಟು, ಎಲ್ಲ ಓದಿದೆ. ಆದರೆ ಕೊನೆಗೆ, ಬೇಡ ಬೇಡ ಅಂದುಕೊಂಡೇ ಸೇರಿಸಿದ ಹಾಗೆ, ಒಂದು ಸಾಲು ಬರೆದಿದ್ದೀಯ: "ದೊಡ್ಡಪ್ಪಾ, ಇಷ್ಟೆಲ್ಲ ಕಟ್ಟಿದ ಮೇಲೆ ಜನ ಬರೋದೇ ನಿಂತರೆ ಈ ರೂಮುಗಳಲ್ಲಿ ಯಾರಿರ್ತಾರೆ?"

ಆ ಸಾಲು ನನಗೆ ನಿದ್ದೆ ಕೊಡಲಿಲ್ಲ. ಯಾಕೆಂದರೆ ಯಾರಿರುತ್ತಾರೆ ಅಂತ ನನಗೆ ಗೊತ್ತು. ಹೇಗೆ ಗೊತ್ತು ಅನ್ನುವುದನ್ನ ಹೇಳುವ ಧೈರ್ಯ ಬಂದರೆ ಕೆಳಗೆ ಹೇಳುತ್ತೇನೆ.

ನಾನು ಇಲ್ಲಿಗೆ ಬಂದಿದ್ದು 1972ರಲ್ಲಿ. ಇಂಗ್ಲೆಂಡಿನ ಲ್ಯಾಂಕಾಷೈರಿನ ಒಂದು ಹತ್ತಿ ಗಿರಣಿ ಊರಿನ ಆಸ್ಪತ್ರೆ, ಎದೆರೋಗದ ವಾರ್ಡು. ಬಂದ ವರ್ಷದ ಬೇಸಿಗೆಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಬ್ರೆಡ್ ತರಲು ಹೋದರೆ ಅಂಗಡಿ ಬಾಗಿಲು ಹಾಕಿದೆ. ಪಕ್ಕದ್ದೂ ಹಾಕಿದೆ. ಚಿಮಣಿಗಳಲ್ಲಿ ಹೊಗೆಯಿಲ್ಲ, ರಸ್ತೆಯಲ್ಲಿ ನಾಯಿಯೂ ಇಲ್ಲ. ಏನೋ ಅನಾಹುತ ಆಗಿದೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ಕೇಳಿದರೆ ನರ್ಸು ನಕ್ಕಳು. ಅದು ವೇಕ್ಸ್ ವೀಕ್. ಒಂದೊಂದು ಊರಿನ ಗಿರಣಿಗಳೂ ವರ್ಷಕ್ಕೊಂದು ವಾರ ಒಟ್ಟಿಗೆ ನಿಲ್ಲುತ್ತಿದ್ದವು, ಊರಿಗೆ ಊರೇ ರೈಲು ಹತ್ತುತ್ತಿತ್ತು. ಬಹಳ ಜನರಿಗೆ ಒಂದೇ ದಾರಿ, ಕಡಲ ತೀರದ ಬ್ಲ್ಯಾಕ್‌ಪೂಲ್. ಅದೇ ಬೀದಿಯ ಅಕ್ಕಪಕ್ಕದವರು ಅಲ್ಲೂ ಅಕ್ಕಪಕ್ಕದ ರೂಮಿನಲ್ಲೇ ಇರುತ್ತಿದ್ದರು. ಹೋದ ವರ್ಷದ ಗೆಸ್ಟ್‌ಹೌಸು, ಅದೇ ಮಾಲಕಿ, ಅದೇ ಕಿಟಕಿ. ನಮ್ಮಲ್ಲಿ ಯಾತ್ರೆಗೆ ಬರುವವರು ತಲೆಮಾರುಗಟ್ಟಲೆ ಒಂದೇ ಭಟ್ಟರ ಮನೆಯಲ್ಲಿ ಇಳಿಯುತ್ತಾರಲ್ಲ, ಹಾಗೆ.

ಆ ಊರಿಗೆ ರೈಲು ಬಂದಿದ್ದು 1846ರಲ್ಲಿ. 1863ಕ್ಕೆ ಕಡಲೊಳಗೆ ಮೊದಲ ಪಿಯರ್, ಅಂದರೆ ನೀರಿನ ಮೇಲೆ ನಡೆದಾಡುವ ಕಟ್ಟೆ, ಚಾಚಿದರು, 1894ಕ್ಕೆ 518 ಅಡಿಯ ಕಬ್ಬಿಣದ ಗೋಪುರ ನಿಲ್ಲಿಸಿದರು. ಇನ್ನೂರೈವತ್ತು ವರ್ಷದ ಹಿಂದೆ ಅದು ಏನೂ ಅಲ್ಲದ ಒಂದು ಮರಳು ದಂಡೆ. ನಿಮ್ಮ ಗೋಕರ್ಣದ ಓಂ ಬೀಚಿನ ಹಾಗೆ, ಕೊಂಕಣ ರೈಲು ಬರುವ ಮುಂಚಿನ ಓಂ ಬೀಚು.

ಅಂಥ ಊರಿಗೂ ಜನ ಉಳಿಯಲು ಬರುವುದು ನಿಂತಿತು. ಈಗ ನೀನು ಕೇಳುತ್ತೀಯ, ಯಾಕೆ ನಿಂತಿತು ಅಂತ. ಕಡಲು ಕೆಟ್ಟಿತಾ? ಅದೂ ಕೆಟ್ಟಿತ್ತು ಬಿಡು. ಊರಿನ ಕೊಳಚೆಯೆಲ್ಲ ಸಮುದ್ರಕ್ಕೇ ಹೋಗುತ್ತಿತ್ತು, 1993ರಲ್ಲಿ ಯುರೋಪಿನ ನ್ಯಾಯಾಲಯವೇ ಅಲ್ಲಿಯ ನೀರು ಸ್ನಾನಕ್ಕೆ ತಕ್ಕ ಮಟ್ಟದಲ್ಲಿಲ್ಲ ಅಂತ ತೀರ್ಪು ಕೊಟ್ಟಿತು. (ನಿನ್ನ ಶೌಚದ ಗುಂಡಿ ಬಾವಿಯಿಂದ ಎಷ್ಟು ದೂರ? ಮೊದಲು ಅದನ್ನ ಅಳೆದು ನೋಡು, ಆಮೇಲೆ ರೂಮು.) ಆದರೆ ಜನ ಕೈಬಿಟ್ಟಿದ್ದು ನೀರಿನಿಂದ ಅಲ್ಲ. ಗಿರಣಿಗಳು ಮುಚ್ಚಿದವು. ಗಿರಣಿಯೇ ಇಲ್ಲದ ಮೇಲೆ ಊರಿಗೆಲ್ಲ ಒಂದೇ ವಾರ ರಜೆ ಎಲ್ಲಿಂದ? ಅಷ್ಟರಲ್ಲಿ ಸ್ಪೇನಿಗೆ ಅಗ್ಗದ ವಿಮಾನ ಶುರುವಾಗಿತ್ತು. ಬೆನಿಡಾರ್ಮ್ ಅಂತ ಒಂದು ಮೀನುಗಾರರ ಹಳ್ಳಿ, ಅಲ್ಲಿ ಮುಗಿಲೆತ್ತರದ ಹೋಟೆಲು ಕಟ್ಟಿದರು, ಮಳೆಯ ಹೆದರಿಕೆಯಿಲ್ಲ, ಊಟ ಸೇರಿಸಿ ಒಂದೇ ದರ. ನನ್ನ ವಾರ್ಡಿನಲ್ಲಿ ಒಬ್ಬ ಮುದುಕಿ ಇದ್ದಳು, ನಲವತ್ತು ವರ್ಷ ಮಗ್ಗದ ಮುಂದೆ ನಿಂತವಳು. ಮಗಳು ಸ್ಪೇನಿಗೆ ಕರೆದುಕೊಂಡು ಹೋಗಿ ಬಂದಿದ್ದಳು. ಹೇಗಿತ್ತು ಅಂದರೆ, "ಬಿಸಿಲು ಚೆನ್ನಾಗಿತ್ತು ಡಾಕ್ಟರೇ, ಆದರೆ ಅಲ್ಲಿ ನನ್ನನ್ನ ಯಾರೂ ಗುರುತು ಹಿಡೀಲಿಲ್ಲ" ಅಂದಳು.

ನನಗೆ ಅದು ತಮಾಷೆ ಅನಿಸಿತ್ತು ಆಗ.

ನೋಡು, ಅತಿಥಿಗಳು ಕಡಿಮೆಯಾಗುವ ಸುದ್ದಿ ಕಡಲ ಕಡೆಯಿಂದ ಬರುವುದಿಲ್ಲ. ಅವರ ಊರಿನ ಕಡೆಯಿಂದ ಬರುತ್ತದೆ. ನಿನ್ನವರು ಯಾರು? ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ಸು ಹತ್ತಿ, ಭಾನುವಾರ ಸಂಜೆ ವಾಪಸ್ ಹೊರಡುವ ಹುಡುಗರು ಅಲ್ವಾ? ಹಾಗಿದ್ದರೆ ಗುಡ್ಡದ ಮೇಲಿನ ರಿಸಾರ್ಟ್ ನೋಡಿ ಹೊಟ್ಟೆ ಉರಿಸಿಕೊಳ್ಳುವ ಬದಲು ಬೆಂಗಳೂರಿನ ಆಫೀಸುಗಳ ಮೇಲೆ ಒಂದು ಕಣ್ಣಿಡು. ಬುದ್ಧಿವಾದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ, ಹೋಟೆಲ್ ನಡೆಸುವುದು ನನಗೇನು ಗೊತ್ತು.

ಗೊತ್ತಿಲ್ಲದೆಯೂ ಇಲ್ಲ. ಅದೇ ಹೇಳಬೇಕಿರುವುದು.

1981ರಲ್ಲಿ ನಾನು, ಇನ್ನಿಬ್ಬರು ಡಾಕ್ಟರ್ ಗೆಳೆಯರು ಸೇರಿ ಬ್ಲ್ಯಾಕ್‌ಪೂಲಿನ ಹಿಂದಿನ ಬೀದಿಯಲ್ಲಿ ಒಂದು ಗೆಸ್ಟ್‌ಹೌಸ್ ಕೊಂಡೆವು. ನಿನ್ನ ಅಪ್ಪನಿಗೂ ಇದನ್ನ ಪೂರ್ತಿ ಹೇಳಿಲ್ಲ. ಎಂಟು ರೂಮು, ಮೂರು ಮಾಳಿಗೆ, ತೀರಾ ಅಗ್ಗಕ್ಕೆ ಸಿಕ್ಕಿತು. ಅಷ್ಟು ಅಗ್ಗಕ್ಕೆ ಯಾಕೆ ಸಿಗುತ್ತಿದೆ ಅಂತ ಮೂರು ಜನ ಓದಿದವರಲ್ಲಿ ಒಬ್ಬನಿಗೂ ಕೇಳಬೇಕು ಅನಿಸಲಿಲ್ಲ. ಮುಂದಿನ ಕಿಟಕಿಯಲ್ಲಿ "ವೇಕೆನ್ಸೀಸ್", ಅಂದರೆ ರೂಮು ಖಾಲಿ ಇದೆ, ಅಂತ ಒಂದು ಬೋರ್ಡು, ಮನೆ ತುಂಬಿದಾಗ ಅದರ ಮುಂದೆ ಸಿಕ್ಕಿಸಲು "ನೋ" ಅಂತ ಬರೆದ ಸಣ್ಣ ಹಲಗೆ. ನಿನ್ನ ದೊಡ್ಡಮ್ಮ ಎರಡು ಬೇಸಿಗೆ ಅಲ್ಲಿ ನಿಂತು ನಡೆಸಿದಳು. ಹಂದಿಮಾಂಸ ಮುಟ್ಟದವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇಕನ್ ಹುರಿದಳು. ಆ "ನೋ" ಹಲಗೆ ಮೊದಲ ವರ್ಷ ನಾಲ್ಕು ಸಲ ಹೊರಗೆ ಬಂತು. ಎರಡನೇ ವರ್ಷ ಡ್ರಾಯರಿನಲ್ಲೇ ಇತ್ತು.

ಆಮೇಲೆ ಬೀದಿಯಲ್ಲಿ ಎಲ್ಲರೂ ಮಾಡಿದ್ದನ್ನೇ ನಾವೂ ಮಾಡಿದೆವು. ಎಂಟು ರೂಮಿಗೆ ಪ್ಲೈವುಡ್ ಗೋಡೆ ಹಾಕಿಸಿ ಹದಿನಾಲ್ಕು ಮಾಡಿದೆವು. ಒಂದೊಂದರಲ್ಲೂ ಒಂದು ಮಂಚ, ಒಂದು ವಾಷ್ ಬೇಸಿನ್, ಒಂದು ಒಲೆ. ಕೆಲಸ ಇಲ್ಲದವರು, ಗಂಡನ ಮನೆ ಬಿಟ್ಟವರು, ಜೈಲಿನಿಂದ ಬಂದವರು, ಬೇರೆ ಬೇರೆ ಊರುಗಳಿಂದ ಬಂದು ಅಲ್ಲಿ ಉಳಿದರು. ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ರಜೆಗೆ ಬಂದು ಖುಷಿಯಾಗಿದ್ದ ಊರು ಅಂತ ಬಂದವರೂ ಇದ್ದರು. ಬಾಡಿಗೆ ಸರ್ಕಾರ ಕೊಡುತ್ತಿತ್ತು, ತಪ್ಪದೆ ಬರುತ್ತಿತ್ತು. ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಹತ್ತುವುದನ್ನ ನಾನು ನೋಡಿದ್ದೇನೆ. ವಾರವಿಡೀ ಜನರ ಶ್ವಾಸಕೋಶ ಕೇಳುವವನು, ಕೂಸೇ. ನೋಡಿ ಸುಮ್ನೆ ಬಂದೆ. 1999ರಲ್ಲಿ ಮಾರಿದಾಗ ಲಾಭವೇ ಆಯಿತು, ಆ ದುಡ್ಡಿನಲ್ಲಿ ನಮ್ಮೂರ ಮನೆಯ ಮಾಡು ಬದಲಾಯಿಸಿದ್ದು. ನೀನು ಈಗ ಕೂತಿರುವುದು ಅದರ ಕೆಳಗೇ.

2019ರ ಸರ್ಕಾರದ ಲೆಕ್ಕದಲ್ಲಿ ಇಂಗ್ಲೆಂಡಿನ ಅತಿ ಬಡ ಹತ್ತು ಬಡಾವಣೆಗಳಲ್ಲಿ ಎಂಟು ಬ್ಲ್ಯಾಕ್‌ಪೂಲಿನವು. ಈ ದೇಶದಲ್ಲಿ ಗಂಡಸರು ಬೇಗ ಸಾಯುವ ಊರುಗಳಲ್ಲಿ ಅದು ಮುಂದೆಯೇ ಇದೆ. ರೂಮುಗಳಲ್ಲಿ ಯಾರಿರ್ತಾರೆ ಅಂತ ಕೇಳಿದ್ದೆಯಲ್ಲ, ಇವರಿರುತ್ತಾರೆ. ಅವರದೇನೂ ತಪ್ಪಿಲ್ಲ. ಖಾಲಿ ರೂಮಿಗೆ ಹೆದರಿ ನಾವು ಮಾಡಿದ್ದು.

ಇನ್ನೊಂದು ವಿಚಿತ್ರ ಕೇಳು. ಆ ಊರಿಗೆ ಜನ ಬರುವುದು ಇವತ್ತಿಗೂ ನಿಂತಿಲ್ಲ. ವರ್ಷಕ್ಕೆ ಕೋಟಿ ಮೀರಿ ಬರುತ್ತಾರೆ. ಆದರೆ ಬಹುತೇಕ ಬೆಳಿಗ್ಗೆ ಬಂದು ಸಂಜೆ ಹೋಗುವವರು. ನಿಂತಿದ್ದು ರಾತ್ರಿ ಉಳಿಯುವುದು. ನಿಮ್ಮಲ್ಲೂ ಹೆದ್ದಾರಿ ಅಗಲವಾದಷ್ಟೂ ಕಾರವಾರ, ಗೋವಾ ಕಡೆಯಿಂದ ಬಂದು ಅದೇ ದಿನ ತಿರುಗುವವರು ಜಾಸ್ತಿಯಾಗಬಹುದು. ಹಾಗಾಗಿ ತಲೆ ಎಣಿಸಬೇಡ, ರಾತ್ರಿ ಎಣಿಸು. ಮೂರು ರಾತ್ರಿ ಉಳಿದವರು ಯಾರು, ಎರಡನೇ ಸಲ ಬಂದವರು ಯಾರು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು.

ಪ್ರವಾಸ ಅನ್ನುವುದೇ ಮುಗಿಯುತ್ತದೆ ಅಂತಲ್ಲ. 1950ರಲ್ಲಿ ಪ್ರಪಂಚದಲ್ಲಿ ಗಡಿ ದಾಟಿ ಪ್ರವಾಸ ಹೋದವರು ಎರಡೂವರೆ ಕೋಟಿ, 2019ಕ್ಕೆ ಅದು 140 ಕೋಟಿ ದಾಟಿತ್ತು. ಮರುವರ್ಷ ಕೊರೊನಾ ಬಂದು ಧೊಪ್ಪನೆ ಬಿತ್ತು, ಮತ್ತೆ ಏರಿತು. ಒಟ್ಟು ಲೆಕ್ಕ ಏರುತ್ತಲೇ ಇರುತ್ತದೆ, ಒಂದೊಂದು ಊರಿನ ಲೆಕ್ಕ ಹಾಗಲ್ಲ. ರಿಚರ್ಡ್ ಬಟ್ಲರ್ ಅನ್ನುವ ಭೂಗೋಳದ ಪ್ರೊಫೆಸರ್ 1980ರಲ್ಲೇ ಇದಕ್ಕೊಂದು ಗೆರೆ ಎಳೆದು ತೋರಿಸಿದ್ದ. ಮೊದಲು ನಾಲ್ಕು ಜನ ಹುಡುಕಿಕೊಂಡು ಬರುತ್ತಾರೆ, ಊರವರು ರೂಮು ಕೊಡುತ್ತಾರೆ, ಹೊರಗಿನ ದುಡ್ಡು ಬರುತ್ತದೆ, ಊರು ತುಂಬುತ್ತದೆ, ಹಳಸುತ್ತದೆ, ಆಮೇಲೆ ಇಳಿಯುತ್ತದೆ ಅಥವಾ ಹೊಸದಾಗಿ ಚಿಗುರುತ್ತದೆ. ನಾವು ಮನೆ ಕೊಂಡಿದ್ದು ಅದರ ಮರುವರ್ಷ, ನೋಡು ನಮ್ಮ ಅದೃಷ್ಟ. ಗುಡ್ಡದ ಮೇಲೆ ಹೊರಗಿನ ದುಡ್ಡು ಬಂದಿದೆ ಅಂದರೆ ನೀನು ಎಲ್ಲಿದ್ದೀಯ ಅಂತ ನೀನೇ ಲೆಕ್ಕ ಹಾಕು. ಫಿಲಿಪೀನ್ಸಿನ ಬೊರಾಕೈ ದ್ವೀಪ ತುಂಬಿ ತುಂಬಿ ಕೊನೆಗೆ ಕೊಳಚೆ ಹೆಚ್ಚಾಗಿ 2018ರಲ್ಲಿ ಆರು ತಿಂಗಳು ಸರ್ಕಾರವೇ ಬೀಗ ಹಾಕಿತು.

ಸಾಲದ ವಿಷಯ. ಆರು ಬೇಡ, ಎರಡು ಕಟ್ಟು ಅನ್ನಲೇ? ಕಟ್ಟಲೇಬೇಕು ಅಂದರೆ ಬಾಗಿಲು ಜಗಲಿ ಕಡೆಗೆ ಇರಲಿ, ಅತಿಥಿ ಬರದಿದ್ದರೂ ಮನೆಯವರೇ ಬಳಸುವ ಹಾಗೆ. ಹೊರಗಿನಿಂದ ಮಾತ್ರ ಬಾಗಿಲಿರುವ, ಕಿಟಕಿಯಿಲ್ಲದ ರೂಮು ಕಟ್ಟಬೇಡ, ದಯವಿಟ್ಟು. ಸಿಆರ್‌ಝಡ್ ಕಾಗದ (ಕಡಲಂಚಿನಲ್ಲಿ ಕಟ್ಟಲು ಬೇಕಾದ ಅನುಮತಿ) ಇಲ್ಲದೆ ಒಂದು ಕಲ್ಲೂ ಇಡಬೇಡ. ಅಷ್ಟೇ ನನಗೆ ತೋಚುವುದು, ದೂರ ಕೂತು ಹೇಳುವುದು ಸುಲಭ. ನೀನು ಬೈದುಕೊಂಡರೂ ಸರಿಯೇ.

ಆ "ನೋ" ಹಲಗೆ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ, ಮನೆ ಮಾರುವಾಗ ನಿನ್ನ ದೊಡ್ಡಮ್ಮ ತಂದಿಟ್ಟಿದ್ದು. ಯಾಕೆ ತಂದಳೋ, ಅವಳಿದ್ದಾಗ ಕೇಳಲಿಲ್ಲ.

ಮೇ ತಿಂಗಳಲ್ಲಿ ಹಿತ್ತಲ ಬಾವಿಯ ನೀರು ಈಗಲೂ ಉಪ್ಪಾಗುತ್ತಾ? ಮೊದಲಿಗಿಂತ ಬೇಗ ಆಗುತ್ತಿದೆಯಾ? ಅದೊಂದನ್ನ ಮರೆಯದೆ ಬರೆ.

ನಿನ್ನ ದೊಡ್ಡಪ್ಪ