ಜಾಮೀನು ಸಹಿಗೆ ಮುನ್ನ ಹೆಂಡತಿಗೂ ಓದಿ ಹೇಳಿ

ಮಾನ್ಯ ಸಂಪಾದಕರೇ,

ಗಂಡ ಮಾಡಿದ ಸಾಲಕ್ಕೆ ಹೆಂಡತಿಯ ಹೆಸರಿನಲ್ಲಿ ಕೋರ್ಟ್ ನೋಟಿಸ್ ಬಂದಾಗ, ಮದುವೆಯಾದ ಮೇಲೆ ಅವನ ಸಾಲವೆಲ್ಲ ತನ್ನದೇ ಎಂದು ಹೆದರುವವರೂ ಇದ್ದಾರೆ, ಹೆಂಗಸರ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲವೆಂದು ಸುಮ್ಮನಿರುವವರೂ ಇದ್ದಾರೆ. ಎರಡೂ ತಪ್ಪು ತಿಳಿವಳಿಕೆ.

1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಕರಾರಿಗೆ ಅರ್ಹತೆಯನ್ನು ಹೇಳುವಾಗ ವಯಸ್ಸನ್ನೂ ಮನಸ್ಸಿನ ಸ್ವಾಸ್ಥ್ಯವನ್ನೂ ನೋಡುತ್ತದೆಯೇ ಹೊರತು ಗಂಡು, ಹೆಣ್ಣು, ಮದುವೆ ಎಂಬ ಭೇದ ಮಾಡುವುದಿಲ್ಲ. ವಿವಾಹಿತೆ ತನ್ನ ಹೆಸರಿನಲ್ಲೇ ದಾವೆ ಹೂಡಬಹುದು. ಆಕೆಯ ಮೇಲೂ ದಾವೆ ಹೂಡಬಹುದು. ಹೆಂಡತಿ ಎಂಬ ಒಂದೇ ಕಾರಣಕ್ಕೆ ಗಂಡನ ಸಾಲ ಆಕೆಯ ತಲೆಗೆ ಬರುವುದಿಲ್ಲ. ಗಂಡ ತೀರಿಕೊಂಡರೂ, ಆಕೆ ತಾನಾಗಿ ಸಹಿ ಮಾಡಿರದಿದ್ದರೆ, ಅವನಿಂದ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ ಹೊಣೆ. ಜಂಟಿ ಖಾತೆಯ ಚೆಕ್ ಬೌನ್ಸ್ ಆದರೆ, ಅದಕ್ಕೆ ಸಹಿ ಹಾಕದ ಹೆಂಡತಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಸಲಾಗದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಸ್ಪಷ್ಟಪಡಿಸಿದೆ.

ಆದರೆ ಜಾಮೀನುದಾರಳಾಗಿ ಸಹಿ ಹಾಕಿದರೆ ಮಾತು ಬೇರೆ. ಅದೇ ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಗಂಡನಿಂದಲೇ ವಸೂಲು ಮಾಡಿ ಎಂದು ಆಕೆ ಹಟ ಹಿಡಿಯುವಂತಿಲ್ಲ. ಇಷ್ಟು ದೊಡ್ಡ ಹೊಣೆಯ ಕಾಗದ ನಮ್ಮೂರಿನ ಹೆಣ್ಣುಮಕ್ಕಳ ಮುಂದೆ ಬರುವ ರೀತಿ ಕಂಡರೆ ಸಂಕಟವಾಗುತ್ತದೆ. ಇಂಗ್ಲಿಷಿನಲ್ಲಿ ಅಚ್ಚಾದ ಹತ್ತಾರು ಹಾಳೆ, ಸಹಿಯ ಜಾಗದಲ್ಲಿ ಪೆನ್ಸಿಲಿನ ಗುರುತು, ಪಕ್ಕದಲ್ಲಿ ಅವಸರಪಡಿಸುವ ಗಂಡ. ಆಕೆಯ ಕೈಯಲ್ಲಿ ಪ್ರತಿಯೂ ಉಳಿಯುವುದಿಲ್ಲ.

ದಾವೆ ಬಂದ ಮೇಲೂ ಕಾನೂನು ಆಕೆಯನ್ನು ಪೂರ್ತಿ ಕೈಬಿಟ್ಟಿಲ್ಲ. ಹಣದ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ಕೋರ್ಟಿನ ತೀರ್ಪಿನ ಜಾರಿಗಾಗಿ ಯಾವ ಹೆಂಗಸನ್ನೂ ಬಂಧಿಸಕೂಡದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ ಹೇಳುತ್ತದೆ. ಧಾರ್ಮಿಕ ಆಚಾರದಂತೆ ತೆಗೆಯಲಾಗದ ತಾಳಿಯಂಥ ಆಭರಣ, ಅಡುಗೆಯ ಪಾತ್ರೆ, ಹಾಸಿಗೆ 60ನೇ ಕಲಮಿನಡಿ ಜಪ್ತಿಗೆ ಒಳಪಡುವುದಿಲ್ಲ. ಬಾಗಿಲಿಗೆ ಬಂದು ಇವುಗಳ ಹೆಸರಿನಲ್ಲೇ ಬೆದರಿಸುವ ವಸೂಲಿಗಾರರಿಗೆ ಇದನ್ನು ನೇರವಾಗಿ ಹೇಳಬೇಕು. ಆದರೆ ಆಕೆಯ ಹೆಸರಿನ ಸೈಟು, ಉಳಿದ ಒಡವೆ ಜಪ್ತಿಯಾಗಬಹುದು. ನೋಟಿಸನ್ನು ಪೆಟ್ಟಿಗೆಯಲ್ಲಿಟ್ಟು ಕೂರುವುದು ಅಪಾಯ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ, ಆದಾಯ ಎಷ್ಟೇ ಇದ್ದರೂ, ಮಹಿಳೆಯರಿಗೆ ಉಚಿತ ವಕೀಲರ ನೆರವು ಕೇಳುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು.

ಸಾಲ ಕೊಡುವ ಬ್ಯಾಂಕು, ಸಹಕಾರ ಸಂಘ, ಫೈನಾನ್ಸ್ ಸಂಸ್ಥೆಗಳು ಜಾಮೀನು ಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಗಂಡ ಎದುರಿಗಿಲ್ಲದಾಗ ಹೆಂಡತಿಗೆ ಓದಿ ಹೇಳಿ, ಒಂದು ಪ್ರತಿಯನ್ನು ಆಕೆಯ ಕೈಗೇ ಕೊಟ್ಟ ನಂತರವಷ್ಟೇ ಸಹಿ ಪಡೆಯುವಂತೆ ಸರ್ಕಾರ ಕಡ್ಡಾಯ ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಹಾವೇರಿ